ವಿಮಾನದ ಅಳತೆಯ ಬೇಸ್ ಗಿಟಾರು

ನನ್ನ ಗಿಟಾರಿಗೆ ನಾಲ್ಕೇ ತಂತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಗದಗ ಜಿಲ್ಲೆಯ ಯಾವ ಮದುವೆ ಮಂಟಪಕ್ಕೆ ಹೋದರೂ ಯಾರಾದರೊಬ್ಬ ಹಿರಿಯರು ವೇದಿಕೆಯ ಹತ್ತಿರ ಬಂದು, ತಂತಿಗಳನ್ನು ಬೆರಳು ಮಾಡಿ ಎಣಿಸಿ, "ತಮ್ಮಾ, ಎರಡು ತಂತಿ ಹರದಾವೇನು?" ಎಂದು ಕಳಕಳಿಯಿಂದ ಕೇಳುತ್ತಾರೆ. ಇಪ್ಪತ್ತೇಳು ವರ್ಷಗಳಿಂದ ಕೇಳುತ್ತಿದ್ದಾರೆ. ಮೊದಮೊದಲು ನಾನು ಇದು ಬೇಸ್ ಗಿಟಾರು, ಇದಕ್ಕೆ ಇರುವುದೇ ನಾಲ್ಕು, ಹಾಡು ನಿಂತಿರುವುದೇ ಇದರ ಮೇಲೆ ಎಂದೆಲ್ಲ ವಿವರಿಸುತ್ತಿದ್ದೆ. ಈಗ "ಹೂಂರಿ, ಹರದಾವು, ನಾಳೆ ಹಾಕಸ್ತೇನಿ" ಎಂದು ಮುಗಿಸಿಬಿಡುತ್ತೇನೆ. ಅವರಿಗೂ ಸಮಾಧಾನ, ನನಗೂ ಗಂಟಲು ಉಳಿಯುತ್ತದೆ.

ಹೊಟ್ಟೆಪಾಡಿಗೆ ನಾನು ಗದಗಿನ ಒಂದು ಪ್ರೆಸ್‌ನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತೇನೆ. ಎಷ್ಟೋ ಸಲ ಅದೇ ಲಗ್ನದ ರಸಮಂಜರಿಯಲ್ಲಿ ಬೇಸ್ ನುಡಿಸುವವನೂ ನಾನೇ. ಪತ್ರಿಕೆಯಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಹೆಣ್ಣಿನವರು, ಗಂಡಿನವರು ಇಬ್ಬರೂ ಪ್ರೆಸ್ ಹುಡುಕಿಕೊಂಡು ಬರುತ್ತಾರೆ. ಬೇಸಿನಲ್ಲಿ ಇಡೀ ಒಂದು ಸಾಲು ತಪ್ಪಿದರೂ ಒಂದು ನರಪಿಳ್ಳೆಯೂ ತಿರುಗಿ ನೋಡುವುದಿಲ್ಲ. ಬೈಯಿಸಿಕೊಳ್ಳುವುದು ಹೆಚ್ಚು ಬೇಸರದ್ದೋ, ಬೈಯಿಸಿಕೊಳ್ಳದೇ ಇರುವುದೋ ಎಂದು ನನ್ನನ್ನು ಕೇಳಿದರೆ ಎರಡನೆಯದೆಂದೇ ಹೇಳುತ್ತೇನೆ.

ನಮ್ಮ ಮನೆ ಬೆಟಗೇರಿಯಲ್ಲಿ, ನೇಕಾರರ ಓಣಿಯಲ್ಲಿ. ಪಡಸಾಲೆಯಲ್ಲಿ ನಮ್ಮಪ್ಪ ನೇಯುತ್ತಿದ್ದ ಕುಣಿಮಗ್ಗ ಈಗಲೂ ಇದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ನೇಯಬೇಕು. ಅಪ್ಪ ಅದರಲ್ಲಿ ನನ್ನನ್ನು ಕೂರಿಸಲು ನಾಲ್ಕು ವರ್ಷ ಹೆಣಗಿ ಸೋತ. ನಾನು ನೇಯ್ದದ್ದು ಬಟ್ಟೆಯೋ ಜರಡಿಯೋ ಎಂದು ಓಣಿಯವರಿಗೆ ಅನುಮಾನ ಬರುತ್ತಿತ್ತು. ಕೊನೆಗೆ ಆ ಕುಣಿಗೆ ಇಳಿದು ಮನೆತನದ ಮಾನ ಉಳಿಸಿದವಳು ನನ್ನ ಹೆಂಡತಿ. ಸೀರೆ ನೇಯ್ದು ನೇಕಾರರ ಸೊಸೈಟಿಗೆ ಕೊಡುತ್ತಾಳೆ. ಬೆಳಿಗ್ಗೆ ಅವಳು ಲಾಳಿ ಹಿಡಿದು ಕೂತಾಗಲೇ ನಾನು ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಸ್ಪೀಕರ್ ಡಬ್ಬವನ್ನು ನೆಲದ ಮೇಲಿಟ್ಟು, ಗಿಟಾರು ಸಿಕ್ಕಿಸಿ, ಪ್ರೆಸ್‌ಗೆ ಹೋಗುವವರೆಗೆ ಒಂದೂವರೆ ತಾಸು ಸಾಧನೆ ಮಾಡುತ್ತೇನೆ. ಇಬ್ಬರೂ ಮಾತಾಡುವುದಿಲ್ಲ. ಅವಳಿಗೆ ನನ್ನ ಸಾಧನೆ ಎಂದರೆ ಗಾಳಿಗೆ ಬಡಿದುಕೊಳ್ಳುವ ಕಿಟಕಿ ಬಾಗಿಲಿನಷ್ಟೇ ಎಂದು ನಾನು ತಿಳಿದಿದ್ದೆ.

ಹಾಗೆ ತಿಳಿಯಲು ಕಾರಣವೂ ಇತ್ತು. ಒಮ್ಮೆ ಲಕ್ಷ್ಮೇಶ್ವರದಲ್ಲಿ ಅವಳ ಸಂಬಂಧಿಕರದೇ ಮದುವೆ. ಅಕ್ಕಿಕಾಳು ಬಿದ್ದು, ಊಟ ಆದ ಮೇಲೆ ನಮ್ಮ ರಸಮಂಜರಿ. ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದಾಳೆಂದು ನಾನು ಅಂದು ಜೀವ ಒತ್ತೆಯಿಟ್ಟು ನುಡಿಸಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ.

"ಹೆಂಗಿತ್ತು?"

"ಭಾಳ ಛಲೋ ಇತ್ತರಿ. ಆ ಕೀಬೋರ್ಡಿನಾಂವ ಭಾಳ ಛಲೋ ಬಾರಸ್ತಾನ."

"ಮತ್ತ ನಂದು?"

ಅವಳು ಪ್ರಾಮಾಣಿಕಳು. ಕಿಟಕಿಯ ಹೊರಗೆ ನೋಡಿ ಸ್ವಲ್ಪ ನೆನಪು ಮಾಡಿಕೊಂಡಳು. "ಅಷ್ಟರಾಗ ನಿಮ್ಮದು ಯಾವುದು ಅಂತ ನನಗ ಕೇಳಂಗಿಲ್ಲರಿ. ಇದ್ರೂ ಇರಬಹುದು."

ಇದ್ದರೂ ಇರಬಹುದು. ಸೊರಟೂರ ದಾಟುವವರೆಗೆ ನಾನು ಮಾತಾಡಲಿಲ್ಲ. ಅವಳು ಅದನ್ನು ಗಮನಿಸಲೂ ಇಲ್ಲ, ಏಕೆಂದರೆ ಮದುವೆ ಮನೆಯ ಮಾದಲಿ ತಿಂದು ಆರಾಮಾಗಿ ನಿದ್ದೆ ಹೋಗಿದ್ದಳು.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ನೇಯುವವರು ಮಗ್ಗ ಬಿಟ್ಟು ನಾಲ್ಕು ದಿನ ಎಲ್ಲಿಗಾದರೂ ಹೋಗುವುದಿದ್ದರೆ ಹಾಸನ್ನು, ಅಂದರೆ ಮಗ್ಗದ ಉದ್ದನೆಯ ಎಳೆಗಳನ್ನು, ಸಡಿಲು ಬಿಟ್ಟು ಹೋಗುವುದು ನಮ್ಮ ಓಣಿಯ ರೂಢಿ. ಬಿಗಿಯಾಗಿಯೇ ಬಿಟ್ಟರೆ ನೂಲು ಜಗ್ಗಿ ಜಗ್ಗಿ ಸೋಲುತ್ತದೆ. ಹಾಗಾಗಿ ನಮ್ಮಲ್ಲಿ ಯಾರದಾದರೂ ಮನೆಗೆ ಹೋದಾಗ ಹಾಸು ಸಡಿಲಾಗಿದ್ದರೆ, ಮೊದಲ ಮಾತೇ "ಯಾರಿಗೆ ಆರಾಮಿಲ್ಲ?" ಎಂದು. ನನ್ನ ಹೆಂಡತಿ ಹಾಸು ಸಡಿಲಿಸಿದ್ದು ಮೂರೇ ಸಲ. ಎರಡು ಬಾಣಂತನ, ಇನ್ನೊಮ್ಮೆ ಅವಳ ತಾಯಿ ತೀರಿಕೊಂಡಾಗ. ಲಗ್ನಗಳಿಗೆಂದು ಹೋಗಿ ಮರುದಿನ ಬರುತ್ತಿದ್ದ ನನ್ನ ಸಲುವಾಗಿ ಆ ಮಗ್ಗ ಒಂದು ತಾಸೂ ನಿಂತದ್ದಿಲ್ಲ.

ಹೀಗಿರುವಾಗ ನಮ್ಮ ತಂಡಕ್ಕೆ ಪರದೇಶದ ಕರೆ ಬಂತು. ಕೊಲ್ಲಿ ದೇಶವೊಂದರಲ್ಲಿ ಇರುವ ನಮ್ಮ ಕಡೆಯ ಜನ ಸೇರಿ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅವರಿಗೆ ಉತ್ತರ ಕರ್ನಾಟಕದ ರಸಮಂಜರಿಯೇ ಬೇಕಿತ್ತಂತೆ. ತಂಡದ ಯಜಮಾನ ಲಕ್ಷ್ಮೇಶ್ವರದವನು, ನನ್ನ ಓರಗೆಯವನು. ಹಾಡುವವನೂ ಅವನೇ, ಯಾರ ಧ್ವನಿ ಎಷ್ಟಿರಬೇಕೆಂದು ಮಿಕ್ಸರಿನ ಮೇಲೆ ಬೆರಳಾಡಿಸುವವನೂ ಅವನೇ. ಎಲ್ಲರನ್ನೂ ಮನೆಗೆ ಕರೆಸಿ ಮಿರ್ಚಿ ಭಜಿ ಕೊಟ್ಟು ಸುದ್ದಿ ಹೇಳಿದ. ನಾವು ಕುಣಿಯುವುದೊಂದು ಬಾಕಿ. ಆಗ ಅವನು ನನ್ನ ಕಡೆ ತಿರುಗಿದ.

"ಲೇ, ನಿಂದೊಂದು ತಕರಾರ ಐತಿ. ಕೀಬೋರ್ಡ್, ಪ್ಯಾಡು, ಮಿಕ್ಸರು, ಉಟ್ಟುಕೊಳ್ಳೂ ಅರಬಿ, ಇಷ್ಟಕ್ಕs ವಿಮಾನದಾಗ ಬಿಡೂ ವಜ್ಜಿ ಮುಗೀತೈತಿ. ನಿನ್ನ ಗಿಟಾರ ಕೈಯಾಗ ಹಿಡಕೊಂಡು ಮ್ಯಾಲಿನ ಕಪಾಟಿನಾಗ ಇಡುವಂಗಿದ್ರ ಬಾ. ಇಲ್ಲಂದ್ರ ಬೇಸು ಕೀಬೋರ್ಡಿನಾಂವ ಎಡಗೈಲೆ ಬಾರಸ್ತಾನ."

ಕೀಬೋರ್ಡಿನವನು ತಲೆ ಎತ್ತಲಿಲ್ಲ. ಬಲಗೈಯಲ್ಲಿ ಭಜಿ ಹಿಡಿದಿದ್ದ. ಎಡಗೈಯನ್ನು ಎತ್ತಿ, ಬೆರಳುಗಳನ್ನು ಕುಣಿಸಿ ತೋರಿಸಿದ. ನನ್ನ ಇಪ್ಪತ್ತೇಳು ವರ್ಷಗಳ ವಿದ್ಯೆ ಅವನ ಖಾಲಿ ಇದ್ದ ಎಡಗೈಗೆ ಹೊಂದಿಕೊಳ್ಳುವಷ್ಟಿತ್ತು.

"ಎರಡು ತಿಂಗಳು ಟೈಮ್ ಐತಿ," ಎಂದ ಯಜಮಾನ. "ಮುಂಡರಗಿ ಲಗ್ನದಾಗ ಹೊಸಾ ಗಿಟಾರ ತಂದು ಬಾರಸು. ಅಲ್ಲೆ ನೋಡಿ ಹೇಳ್ತೇನಿ."

ನನ್ನ ಹಳೆಯ ಗಿಟಾರಿನ ಬಗ್ಗೆ ಯಜಮಾನ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದು ಎದೆಯೆತ್ತರದ ಘನವಾದ ಕಟ್ಟಿಗೆಯ ವಸ್ತು. ಅದರ ಪೆಟ್ಟಿಗೆಯನ್ನು ನನ್ನ ಭಾವ ಮುರಿದ ಮಗ್ಗದ ಹಲಗೆಗಳಿಂದ ಮಾಡಿಕೊಟ್ಟಿದ್ದ, ಮೂರು ತಲೆಮಾರು ಬಾಳಲಿ ಎಂದು. ಅದನ್ನು ಎತ್ತಲು ಮೂರು ತಲೆಮಾರಿನವರೂ ಬೇಕು. ಶಿರಹಟ್ಟಿ ಬಸ್ಸಿನಲ್ಲಿ ಒಬ್ಬ ಕಂಡಕ್ಟರು ಅದಕ್ಕೆ ಖಾಯಂ ಅರ್ಧ ಟಿಕೆಟು ಹರಿಯುತ್ತಿದ್ದ. "ಯಜಮಾನ್ರ, ಸೀಟು ಹಿಡದೈತಿ ಅಂದಮ್ಯಾಲೆ ಅದೂ ಮನಷ್ಯಾನs," ಎನ್ನುತ್ತಿದ್ದ. ಆ ಬಸ್ಸಿನಲ್ಲಿ ನನಗಿಂತ ಅದಕ್ಕೇ ಮರ್ಯಾದೆ ಹೆಚ್ಚಿತ್ತು.

ಅಂದಿನಿಂದ ನಾನು ಪ್ರವಾಸಕ್ಕೆ ಒಗ್ಗುವ ಬೇಸ್ ಗಿಟಾರಿನ ಪಂಡಿತನಾದೆ. ಪ್ರೆಸ್‌ನಲ್ಲಿ ಒಂದು ಕಡೆ ಪತ್ರಿಕೆ ಅಚ್ಚಾಗುತ್ತಿದ್ದರೆ ಇನ್ನೊಂದು ಕಡೆ ಮೊಬೈಲಿನಲ್ಲಿ ವಿಡಿಯೋ. ಕುತ್ತಿಗೆ ಮಡಚುವ ಗಿಟಾರುಗಳಿವೆ, ಕುತ್ತಿಗೆ ಕಳಚುವವಿವೆ, ಮೊಳದುದ್ದದ ಕೂಸಿನಂಥವಿವೆ ಎಂದು ನನಗೆ ಆಗಲೇ ಗೊತ್ತಾದದ್ದು. ವಿಮಾನದ ಮೇಲಿನ ಕಪಾಟಿನ ಅಳತೆಯನ್ನೂ ಹುಡುಕಿದೆ. ಒಂದೊಂದು ವಿಮಾನಕ್ಕೆ ಒಂದೊಂದು ಅಳತೆ ಬರೆದಿತ್ತು. ವಿಮಾನವನ್ನು ನಾನು ಆಕಾಶದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವನಲ್ಲ. ಆದ್ದರಿಂದ ನನ್ನ ಬುದ್ಧಿಗೆ ಹೊಳೆದದ್ದನ್ನು ಮಾಡಿದೆ. ಬಸ್ಸಿನಲ್ಲೂ ತಲೆಯ ಮೇಲೆ ಸಾಮಾನು ಇಡುವ ಕಟಾಂಜನ ಇರುತ್ತದಲ್ಲ, ವಿಮಾನದವರು ಅದಕ್ಕಿಂತ ಚಿಕ್ಕದನ್ನಂತೂ ಮಾಡಿರಲಾರರು ಎಂದು ಲೆಕ್ಕ ಹಾಕಿದೆ.

ಒಂದು ರವಿವಾರ ಮಗ್ಗದ ಮೂರು ಹಳೆಯ ಕೋಲುಗಳನ್ನು ಮೂರು ಉದ್ದಕ್ಕೆ ಕತ್ತರಿಸಿಕೊಂಡು, ಒಂದೊಂದಕ್ಕೂ ಗಿಟಾರಿನ ಹೊಟ್ಟೆಯ ಅಗಲಕ್ಕೆ ರಟ್ಟು ಕಟ್ಟಿ, ಶಿರಹಟ್ಟಿ ಬಸ್ಸು ಹತ್ತಿದೆ. ಸೀಟಿನ ಮೇಲೆ ಮೊಣಕಾಲೂರಿ ಒಂದು ಕೋಲು ಇಡುವುದು, ತೆಗೆಯುವುದು, ಇನ್ನೊಂದು ಇಡುವುದು. ಅಸುಂಡಿ ಕಡೆಯ ಒಬ್ಬ ಮುದುಕಿ ಬಹಳ ಹೊತ್ತು ನೋಡಿ, "ಗಾಳಿಪಟ ಮಾರತೀಯೇನೋ ತಮ್ಮಾ?" ಎಂದಳು. ವಿಮಾನದಲ್ಲಿ ಗಿಟಾರು ಹಿಡಿಸುತ್ತದೋ ಇಲ್ಲವೋ ನೋಡುತ್ತಿದ್ದೇನೆ ಎಂದೆ. ಮುದುಕಿ ಎದ್ದು ಕಂಡಕ್ಟರನ ಹತ್ತಿರದ ಸೀಟಿಗೆ ಹೋಗಿ ಕೂತಳು.

ಮೂರರಲ್ಲಿ ಅತಿ ಗಿಡ್ಡ ಕೋಲು ಹಿಡಿಸಿತು. ಅದನ್ನೇ ಹಿಡಿದುಕೊಂಡು ಹುಬ್ಬಳ್ಳಿಗೆ ಹೋಗಿ ಒಂದು ವಾದ್ಯದ ಅಂಗಡಿಯಲ್ಲಿ ನಿಂತೆ. ಗಿಟಾರು ಕೊಳ್ಳಲು ಕೋಲು ಹಿಡಿದು ಬಂದವನನ್ನು ಅಂಗಡಿಯವರು ಮೊದಲ ಸಲ ನೋಡಿದ್ದಿರಬೇಕು. ಆದರೂ ಚಹಾ ಕೊಟ್ಟು, ಕೋಲಿನ ಅಳತೆಗೆ ಬರುವಂಥ ಮೂರನ್ನು ಮುಂದಿಟ್ಟರು. ಮೊದಲನೆಯದು ರಬ್ಬರಿನ ದಪ್ಪ ತಂತಿಗಳ ಪುಟ್ಟದು. ನಾದವೇನೋ ಗಂಭೀರವಾಗಿತ್ತು. ಆದರೆ ನನ್ನ ಹೊಟ್ಟೆಯ ಮೇಲೆ ಅದು ಹುಗ್ಗಿ ಬಡಿಸುವ ಸೌಟಿನಂತೆ ಕಾಣುತ್ತಿತ್ತು. ಎರಡನೆಯದು ಮಡಚುವ ಕುತ್ತಿಗೆಯದು. ಮಡಚಿ ಬಿಚ್ಚಿದಾಗಲೊಮ್ಮೆ ಕಟಕ್ ಎನ್ನುತ್ತಿತ್ತು, ಪ್ರತಿ ಸಲವೂ ನನ್ನದೇ ಕುತ್ತಿಗೆ ಮುರಿದಂತಾಗುತ್ತಿತ್ತು. ಮೂರನೆಯದಕ್ಕೆ ತಲೆಯೇ ಇರಲಿಲ್ಲ. ತಂತಿ ಬಿಗಿಯುವ ಕಿವಿಗಳೆಲ್ಲ ಕೆಳಗೆ, ಬುಡದಲ್ಲಿ. ಮೈಯೂ ಅಷ್ಟಕ್ಕಷ್ಟೆ. ಹಗುರ ಎಂದರೆ ಹಗುರ, ನನ್ನ ಕೋಲಿಗಿಂತ ನಾಲ್ಕು ಬೆರಳು ಗಿಡ್ಡ. ಅದನ್ನೇ ಆರಿಸಿದೆ. ಅಂಗಡಿಯವರು ಖುಷಿಯಿಂದ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬಿಯನ್ನೂ ಕೊಟ್ಟರು. ಅದನ್ನು ಗಿಟಾರಿಗೆ ಸಿಕ್ಕಿಸಿ, ಅದಕ್ಕೆ ಇಯರ್‌ಫೋನ್ ಹಾಕಿಕೊಂಡರೆ ಸ್ಪೀಕರೇ ಬೇಕಿಲ್ಲ, ನುಡಿಸಿದ್ದು ನಮಗೊಬ್ಬರಿಗೇ ಕೇಳುತ್ತದೆ.

ಮನೆಗೆ ತಂದು ಹೆಂಡತಿಗೆ ತೋರಿಸಿದೆ. ಅವಳು ಗಿಟಾರನ್ನು ಮೇಲೆ ಕೆಳಗೆ ನೋಡಿ, ನನ್ನ ಬೋಳು ತಲೆಯನ್ನೂ ಒಮ್ಮೆ ನೋಡಿ, "ಜೋಡಿ ಛಲೋ ಆಗೇತಿ," ಎಂದು ಕುಣಿಗೆ ಇಳಿದಳು.

ತಲೆಯಿಲ್ಲದ್ದರ ಜೊತೆ ಸಂಸಾರ ಸುಲಭವಿರಲಿಲ್ಲ. ಶ್ರುತಿ ಮಾಡಲು ಎಡಗೈ ತಾನಾಗಿ ಮೇಲಕ್ಕೆ ಹೋಗಿ ಖಾಲಿ ಗಾಳಿಯನ್ನು ತಿರುಚಿ ವಾಪಸ್ ಬರುತ್ತಿತ್ತು. ಕೂತರೆ ತೊಡೆಯಿಂದ ಜಾರುತ್ತಿತ್ತು. ಆದರೆ ಇಯರ್‌ಫೋನ್ ಹಾಕಿಕೊಂಡು ನುಡಿಸಿದಾಗ ನನ್ನ ಬೇಸು ನನಗೆ ಅಷ್ಟು ಸ್ಪಷ್ಟವಾಗಿ ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ಹಳೆಯ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು, ಸ್ಪೀಕರ್ ಡಬ್ಬವನ್ನು ಅಟ್ಟಕ್ಕೇರಿಸಿ, ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ನನ್ನೊಳಗೇ ನುಡಿಸತೊಡಗಿದೆ. ಇಷ್ಟು ವರ್ಷ ಹೆಂಡತಿಯ ತಲೆ ತಿಂದೆನಲ್ಲ, ಈಗಲಾದರೂ ಅವಳಿಗೆ ಶಾಂತಿ ಸಿಕ್ಕಿತು ಎಂದು ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ.

ಮೂರು ವಾರ ಕಳೆಯುವಷ್ಟರಲ್ಲಿ ಅವಳ ಸ್ವಭಾವ ಬದಲಾಯಿತು. ಮಗ್ಗದಲ್ಲಿ ಕೂತವಳು ನಡುನಡುವೆ ನಿಲ್ಲುವುದು, ಮೊಣಕಾಲು ತಿಕ್ಕಿಕೊಳ್ಳುವುದು, ಎಳೆ ಹರಿದಾಗ ನೂಲನ್ನು ಬೈಯುವುದು. ಮೊದಲು ನೂಲನ್ನು ಬೈದವಳಲ್ಲ. ಒಂದು ದಿನ ಕೇಳಿದಳು, "ಯಾಕರಿ, ಬಾರಸೂದು ಬಿಟ್ಟ್ರೇನು?"

"ದಿನಾ ಬಾರಸ್ತೇನಲ್ಲ, ನಿನ್ನ ಮುಂದs."

"ಹೌದರಿ?" ಎಂದು ಮತ್ತೆ ಲಾಳಿ ಹಿಡಿದಳು.

ನಾನು ಇದರ ಅರ್ಥ ಹಚ್ಚಿದ ರೀತಿ ನೆನಪಾದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ. ಗಂಡ ಪರದೇಶಕ್ಕೆ ಹೋಗುತ್ತಾನಲ್ಲ, ಅಗಲಿಕೆಯ ದುಃಖ ಎಂದುಕೊಂಡೆ. ಅದರಿಂದ ನನಗೆ ಸ್ವಲ್ಪ ಕೊಂಬು ಬಂತು. ಅವಳು ಎಳೆ ಹರಿದು ಬೈದಾಗಲೆಲ್ಲ, "ಏಳೆಂಟು ದಿನದಾಗ ಬಂದು ಬಿಡ್ತೇನಿ," ಎಂದು ದೊಡ್ಡ ಮನಸ್ಸಿನಿಂದ ಸಮಾಧಾನ ಹೇಳುತ್ತಿದ್ದೆ. ಅವಳು ನನ್ನನ್ನು ಅರ್ಥವಾಗದವಳಂತೆ ನೋಡುತ್ತಿದ್ದಳು.

ಆಮೇಲೆ ಒಂದು ಸೀರೆ ವಾಪಸ್ ಬಂತು. ಸೊಸೈಟಿಯವರು ಬಂದು ಪಡಸಾಲೆಯಲ್ಲೇ ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಂದು ಕಡೆ ನೇಯ್ಗೆ ಒತ್ತಾಗಿ, ಗೇಣು ದಾಟಿದ ಮೇಲೆ ತೆಳ್ಳಗೆ, ಮತ್ತೆ ಒತ್ತಾಗಿ, ಮತ್ತೆ ತೆಳ್ಳಗೆ. "ಅಕ್ಕಾರ, ಇದು ನಿಮ್ಮ ಕೈ ಅಲ್ಲ ಬಿಡ್ರಿ," ಎಂದರು. ಬೈಯಲಿಲ್ಲ. ಅವಳು ಸೀರೆ ಮಡಚಿದಳು. ಅವರು ಹೋದ ಮೇಲೆ, "ವಯಸ್ಸಾತು. ಮೊಣಕಾಲು ಮಾತು ಕೇಳವಲ್ಲವು," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಆದರೂ ನನಗೆ ಮರುದಿನ ಮುಂಡರಗಿಯಿದೆ, ನನ್ನ ಪರೀಕ್ಷೆ ಇದೆ ಎಂಬುದೇ ತಲೆಯಲ್ಲಿ ಮುಂದಿತ್ತು. ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ.

ಮುಂಡರಗಿಯ ಲಗ್ನಕ್ಕೆ ತಲೆಯಿಲ್ಲದ ಗಿಟಾರನ್ನು ಬಗಲಿಗೆ ಹಾಕಿಕೊಂಡು ಹೋದೆ. ಬಸ್ಸಿನ ಕಟಾಂಜನದಲ್ಲಿ ಹಾಯಾಗಿ ಮಲಗಿತು. ಅರ್ಧ ಟಿಕೆಟಿನ ಮಾತೇ ಬರಲಿಲ್ಲ. ಮಂಟಪದಲ್ಲಿ ಹನ್ನೆರಡು ಹಾಡು. ಕಣ್ಣು ಮುಚ್ಚಿ, ತಲೆದೂಗಿ, ನಾನು ನುಡಿಸಿದ್ದೇ ನುಡಿಸಿದ್ದು. ಒಬ್ಬ ಹಿರಿಯರು ಬಂದು ಗಿಟಾರನ್ನು ಪರೀಕ್ಷಿಸಿ, ಈ ಸಲ ತಂತಿಯ ಮಾತು ಬಿಟ್ಟು, "ಇದರ ತಲಿ ಎಲ್ಲಿ ಹೋತು?" ಎಂದು ಕೇಳಿದರು. ನಾಳೆ ಹಾಕಿಸುತ್ತೇನೆ ಎಂದೆ. ಕಾರ್ಯಕ್ರಮ ಮುಗಿದ ಮೇಲೆ ಯಜಮಾನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತ.

"ಗಿಟಾರ ಛಲೋ ಐತಿ. ವಿಮಾನದಾಗ ಹಿಡಸತೈತಿ," ಎಂದ. ಮಾತು ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು. "ಖರೆ ಹೇಳ್ತೇನಿ, ಸಿಟ್ಟಾಗಬ್ಯಾಡ. ನಡುವಿನ ಮೂರು ಹಾಡಿನಾಗ ನಿನ್ನ ಬೇಸು ಬಂದ್ ಮಾಡಿದ್ದೆ. ಕೀಬೋರ್ಡಿನಾಂವಗ ಎಡಗೈಲೆ ಬಾರಸಾಕ ಹಚ್ಚಿದ್ದೆ, ನೋಡೂಣು ಅಂತ. ಮಂದಿಗೆ ಖಬರs ಇಲ್ಲ."

"ಯಾವ ಮೂರು?"

"ನೋಡು, ನಿನಗೂ ಖಬರ ಇಲ್ಲ." ಅವನ ದನಿಯಲ್ಲಿ ಕುಹಕವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಹಂಗಂತ ಬ್ಯಾಡ ಅನ್ನಂಗಿಲ್ಲ. ಎಂಟು ಮಂದಿ ಬರ್ತೇವಿ ಅಂತ ಅವರಿಗೆ ಹೇಳೇನಿ. ನೀ ಬಂದ್ರೂ ಆತು, ಬರದಿದ್ರೂ ಆತು. ವಿಚಾರ ಮಾಡಿ ನೀನs ಹೇಳು."

ಬೇರೆಯವರಿಗೆ ಕೇಳಿಸದಿರುವುದು ಇಪ್ಪತ್ತೇಳು ವರ್ಷಗಳ ಹಳೆಯ ಸಂಗತಿ. ನನಗೇ ಕೇಳಿಸಲಿಲ್ಲವಲ್ಲ. ಮೂರು ಹಾಡು ನಾನು ಕಣ್ಣು ಮುಚ್ಚಿ ಕೀಬೋರ್ಡಿನವನ ಎಡಗೈಗೆ ತಲೆದೂಗಿದ್ದೆ, ಅದೂ ನನ್ನದೆಂದು ಹೆಮ್ಮೆಪಟ್ಟುಕೊಂಡು. ಪರದೇಶಕ್ಕೆ ಹೋಗುವ ಗಿಟಾರಿನ ಉದ್ದ, ಅಗಲ, ತೂಕ ಎಲ್ಲ ಅಳೆದಿದ್ದೆ. ಹೋಗುವವನ ಅವಶ್ಯಕತೆ ಎಷ್ಟೆಂದು ಅಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಪ್ರೆಸ್‌ಗೆ ರಜೆ ಹಾಕಿದೆ. ಬರುವುದಿಲ್ಲ ಎಂದು ಯಜಮಾನನಿಗೆ ಹೇಳುವುದು, ತಲೆಯಿಲ್ಲದ್ದನ್ನು ಅಂಗಡಿಗೆ ವಾಪಸ್ ಕೊಡುವುದು, ಹಳೆಯದನ್ನು ಒರೆಸಿ ಅಟ್ಟಕ್ಕೆ ಹಾಕಿಬಿಡುವುದು ಎಂದು ನಿರ್ಧರಿಸಿದ್ದೆ. ಹೆಂಡತಿ ಕುಣಿಯಲ್ಲಿದ್ದಳು. ಮಗ್ಗ ಕುಂಟುತ್ತಿತ್ತು. ಎರಡು ಏಟು ಬೀಳುವುದು, ನಿಲ್ಲುವುದು, ಮತ್ತೆ ಒಂದು. ಪೆಟ್ಟಿಗೆ ತೆಗೆದು ಹಳೆಯ ಗಿಟಾರನ್ನು ಒರೆಸಿದೆ. ಒರೆಸಿದ ಮೇಲೆ ಒಮ್ಮೆ ನುಡಿಸದೆ ಇಡುವುದು ಹೇಗೆ? ಅಟ್ಟದಿಂದ ಸ್ಪೀಕರ್ ಡಬ್ಬ ಇಳಿಸಿ ನೆಲದ ಮೇಲಿಟ್ಟು, ದಿನಾ ಸಾಧನೆ ಶುರು ಮಾಡುತ್ತಿದ್ದ ಸಾದಾ ನಡೆಯೊಂದನ್ನು ನುಡಿಸಿದೆ. ಅದರಲ್ಲಿ ಏನೂ ಇಲ್ಲ, ನಾಲ್ಕು ಸ್ವರ, ಸುತ್ತಿ ಸುತ್ತಿ ಬರುವುದು.

ಸ್ವಲ್ಪ ಹೊತ್ತಿಗೆ ಮಗ್ಗ ಸರಿಹೋಯಿತು. ಲಾಳಿ ಆ ಕಡೆ, ಈ ಕಡೆ, ಏಟು, ತುಳಿತ. ಕುಂಟು ನಿಂತುಹೋಗಿತ್ತು. ನಾನು ಅದನ್ನು ಕೇಳಿಸಿಕೊಂಡೆನೇ ಹೊರತು ಏನೂ ಹೊಳೆಯಲಿಲ್ಲ. ಹೆಂಡತಿ ತಲೆ ಎತ್ತದೆ ಹೇಳಿದಳು.

"ಹಾಂ, ಈಗ ಬಂತು ನೋಡ್ರಿ."

"ಏನು ಬಂತು?"

"ಕಾಲಾಗ ಬಂತು."

ನಾನು ನುಡಿಸುವುದು ನಿಲ್ಲಿಸಿದೆ. ಅವಳ ಕಾಲೂ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳಿಗೂ ಅದು ಆಗಲೇ ಹೊಳೆದದ್ದು ಎಂದು ಕಾಣುತ್ತದೆ. ಮೆಲ್ಲಗೆ ಹೇಳಿದಳು, "ನೀವು ಬಾರಿಸಿದ್ರ ಕುಣ್ಯಾಗ ನೆಲ ಜುಮ್ ಅಂತೈತ್ರಿ. ತುಳಿಯೂ ಹಲಗಿನೂ ಜುಮ್ ಅಂತೈತಿ. ನಾ ಅದರ ಮ್ಯಾಲೆ ತುಳೀತಿದ್ದೆ. ಗೊತ್ತs ಇರಲಿಲ್ಲ ನನಗ."

"ನಂದು ಕೇಳಂಗಿಲ್ಲ ಅಂತಿದ್ದಿ?"

"ಕಿವ್ಯಾಗ ಕೇಳಂಗಿಲ್ಲ. ಖರೇನs ಹೇಳಿದ್ದೆ."

"ಮತ್ತ ನಾ ಲಗ್ನಕ್ಕ ಹ್ವಾದಾಗ?"

"ಒಂದೆರಡು ದಿನ ಕಾಲು ನೆನಪಿನ ಮ್ಯಾಲೆ ನಡೀತಾವು. ಈ ಸಲ ತಿಂಗಳ ಮ್ಯಾಲಾತು." ಮೊಣಕಾಲು ಮುಟ್ಟಿ ನೋಡಿಕೊಂಡು ಸೇರಿಸಿದಳು, "ನಾ ಮೊಣಕಾಲು ಹ್ವಾದವು ಅಂತ ಅಂಜಿದ್ದೆ."

ನನಗೆ ಅಳು ಬಂತು. ಬೋಳು ತಲೆಯ, ಹೊಟ್ಟೆ ಬಂದ ಗಂಡಸು ಹಗಲು ಹೊತ್ತಿನಲ್ಲಿ ಗಿಟಾರು ತೊಡೆಯ ಮೇಲಿಟ್ಟುಕೊಂಡು ಅಳುವುದು ನೋಡಲು ಚೆಂದವಿರುವುದಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಸಾಕು ಬಾರಸ್ರಿ, ಸೀರಿ ಅರ್ಧಕ್ಕ ನಿಂತೈತಿ," ಎಂದಳು. ಮಧ್ಯಾಹ್ನದವರೆಗೆ ಅದೇ ನಾಲ್ಕು ಸ್ವರ ನುಡಿಸಿದೆ. ಊಟದ ಹೊತ್ತಿಗೆ, ನಾನು ಪರದೇಶಕ್ಕೆ ಹೋಗುವುದಿಲ್ಲ ಎಂದೆ. ಯಜಮಾನ ಅಂದದ್ದನ್ನೂ ಹೇಳಿದೆ. ಅವಳು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡಳು.

"ಹೋಗಿ ಬರ್ರಿ. ಅಲ್ಲೂ ಯಾರರ ಒಬ್ರ ಕಾಲಿಗೆ ಹತ್ತೀತು."

ಹೋದೆ. ಗದಗ ಸ್ಟೇಷನ್ನಿಗೆ ಅವಳು ಬೀಳ್ಕೊಡಲು ಬಂದಾಗ ವಾಪಸ್ ಬಂದ ಆ ಸೀರೆಯನ್ನೇ ಉಟ್ಟಿದ್ದಳು. ಹಾಳು ಮಾಡುವುದೇಕೆ ಎಂದಳು. ಬೆಳಕಿನಲ್ಲಿ ನೋಡಿದರೆ ಒತ್ತು, ತೆಳು, ಒತ್ತು, ತೆಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಾನು ನನ್ನೊಳಗೇ ನುಡಿಸಿದ ದಿನಗಳೆಲ್ಲ ಅವಳ ಮೈಮೇಲೆ ಇದ್ದವು. ರೈಲು ಹೊರಡುವವರೆಗೂ ನಾನು ಅದನ್ನೇ ನೋಡುತ್ತಿದ್ದೆ.

ವಿಮಾನದ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಹತ್ತುವಷ್ಟರಲ್ಲಿ ಮೇಲಿನ ಕಪಾಟುಗಳೆಲ್ಲ ತುಂಬಿದ್ದವು. ಗಗನಸಖಿ ಬಂದು, ನನ್ನ ಕೈಯಿಂದ ಗಿಟಾರು ತೆಗೆದುಕೊಂಡು, ಮುಂದೆ ಕೋಟು ತೂಗುಹಾಕುವ ಆಳೆತ್ತರದ ಒಂದು ಕಪಾಟಿನಲ್ಲಿ ನಿಲ್ಲಿಸಿದಳು. ಅದರಲ್ಲಿ ನನ್ನ ಹಳೆಯ ಗಿಟಾರು ನಿಲ್ಲುತ್ತಿತ್ತು. ಭಾವನ ಪೆಟ್ಟಿಗೆ ಸಮೇತ ನಿಲ್ಲುತ್ತಿತ್ತು. ಜೊತೆಗೆ ಶಿರಹಟ್ಟಿ ಬಸ್ಸಿನ ಕಂಡಕ್ಟರನಿಗೂ ಜಾಗ ಮಿಗುತ್ತಿತ್ತು. ಎರಡು ತಿಂಗಳ ನನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು.

ಕಾರ್ಯಕ್ರಮ ಚೆನ್ನಾಗಿ ಆಯಿತು. ವೇದಿಕೆ ಕಟ್ಟಿಗೆಯದು. ನಾನು ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ನಿಂತು ನುಡಿಸಿದೆ. ಯಜಮಾನ ಎರಡನೆಯ ಹಾಡಿನಲ್ಲಿ ನನ್ನ ಬೇಸು ಬಂದ್ ಮಾಡಿ ನೋಡಿದ. ಹಲಗೆ ಸುಮ್ಮನಾಯಿತು. ನಾನು ಕಣ್ಣು ತೆರೆದು ಅವನನ್ನೇ ನೋಡಿದೆ. ಅವನು ನಕ್ಕು ಮತ್ತೆ ಏರಿಸಿದ. ಮುಗಿದ ಮೇಲೆ ಜನ ಕೀಬೋರ್ಡಿನವನ ಜೊತೆ ಫೋಟೋ ತೆಗೆಸಿಕೊಂಡರು. ನನ್ನ ಹತ್ತಿರ ಒಬ್ಬ ಹಿರಿಯರು ಮಾತ್ರ ಬಂದರು, ಕೋಟುಮಚಗಿಯವರಂತೆ. ಗಿಟಾರಿನ ತಂತಿಗಳನ್ನು ಎಣಿಸಿ, "ಎರಡು ತಂತಿ ಹರದಾವೇನು?" ಎಂದರು. ಅಷ್ಟು ದೂರದಲ್ಲಿ ಆ ಮಾತು ಕೇಳಿ ನನಗೆ ಊರೇ ಎದುರಿಗೆ ಬಂದಂತಾಯಿತು.

ಎಂಟನೆಯ ದಿನ ಬೆಳಿಗ್ಗೆ ಬೆಟಗೇರಿಗೆ ಬಂದೆ. ಬಾಗಿಲು ತೆರೆದಿತ್ತು. ಪಡಸಾಲೆಗೆ ಕಾಲಿಟ್ಟವನು ಮಗ್ಗ ನೋಡಿ ಅಲ್ಲೇ ನಿಂತೆ. ಹಾಸು ಸಡಿಲಾಗಿ ಜೋತುಬಿದ್ದಿತ್ತು. ಚೀಲ ಕೆಳಗೆ ಬಿಟ್ಟು ಅಡುಗೆಮನೆಗೆ ಓಡಿದೆ. ಅವಳು ಒಲೆಯ ಮುಂದೆ ನಿಂತು ಚಹಾ ಸೋಸುತ್ತಿದ್ದಳು.

"ಯಾರಿಗೆ ಆರಾಮಿಲ್ಲ?"

"ಎಲ್ಲಾರೂ ಆರಾಮ ಅದೇವಿ."

"ಮತ್ತ ಹಾಸು?"

"ಇನ್ನೊಂದು ಸೀರಿ ಯಾಕ ಕೆಡಸೂದು ಅಂತ, ನೀವು ರೈಲು ಹತ್ತಿದ ದಿನಾನs ಸಡ್ಲ ಮಾಡಿ ಇಟ್ಟೆ. ಮಾರಿ ತೊಳಕೊಳ್ರಿ."

ಎರಡು ಬಾಣಂತನ, ಒಂದು ಸಾವು. ನಾಲ್ಕನೆಯದು ನಾನು. ಮುಖ ತೊಳೆಯುವಾಗ ಅದನ್ನೇ ಎಣಿಸುತ್ತಿದ್ದೆ, ಮತ್ತೆ ಮತ್ತೆ ಎಣಿಸಿದೆ. ಹೊರಗೆ ಬಂದಾಗ ಅವಳು ಚಹಾವನ್ನು ಅಲ್ಲೇ ಬಿಟ್ಟು ಕುಣಿಗೆ ಇಳಿದು, ಹಾಸನ್ನು ಬಿಗಿಯುತ್ತ, ಬೆರಳಿನಿಂದ ಮೀಟಿ ನೋಡುತ್ತಿದ್ದಳು. ನಾನೂ ಪೆಟ್ಟಿಗೆ ತೆಗೆದು ಹಳೆಯ ಗಿಟಾರಿನ ತಂತಿಗಳನ್ನು ಬಿಗಿದೆ, ಒಂದೊಂದನ್ನೇ ಮೀಟಿ ನೋಡಿದೆ. ಅವಳದು ಮೊದಲು ಮುಗಿಯಿತು. ಕಾಲು ಹಲಗೆಯ ಮೇಲಿಟ್ಟುಕೊಂಡು ಕಾದಳು.

"ಹೂಂ, ಹಚ್ಚರಿ," ಎಂದಳು.

ಸ್ಪೀಕರ್ ಡಬ್ಬವನ್ನು ನೆಲದ ಮೇಲೆ ಅವಳ ಕುಣಿಯ ಕಡೆಗೆ ಒಂದು ಮೊಳ ಸರಿಸಿ, ಸ್ವಿಚ್ಚು ಹಾಕಿದೆ.